ಅಗ್ಗದ ಎಲೆಕ್ಟ್ರಿಕ್ ಸ್ಮೋಕರ್: ಹೊಗೆ ಕಡಿಮೆ ಮಾಡಿ, ಥರ್ಮಾಮೀಟರ್ ಕೊಳ್ಳಿ

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಅಂಗಡಿಗಳಲ್ಲಿ ಮರದ ಹೊಗೆಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಕರೆಂಟಿನ ಪೆಟ್ಟಿಗೆಗಳು, ಅಂದರೆ ಎಲೆಕ್ಟ್ರಿಕ್ ಸ್ಮೋಕರ್‌ಗಳು ಸಾಲಾಗಿ ನಿಲ್ಲುತ್ತವೆ. ನನ್ನ ಅಡುಗೆ ತರಗತಿಗೆ ಬರುವ ಕನ್ನಡದವರಲ್ಲಿ ಎಷ್ಟೋ ಜನ ಒಂದನ್ನು ಕೊಂಡು, ಒಂದೆರಡು ಸಲ ಮಾಂಸ ಕಹಿಯಾದ ಮೇಲೆ ಮೂಲೆಗೆ ತಳ್ಳಿರುತ್ತಾರೆ. ಕಡಿಮೆ ದುಡ್ಡಿನದು, ಇಷ್ಟೇ ಆಗೋದು ಅಂತ ಅವರ ತೀರ್ಮಾನ. ನಾನಿದನ್ನು ಒಪ್ಪುವುದಿಲ್ಲ. ಕಹಿಯಾಗುವುದು ಹೆಚ್ಚಾಗಿ ಹೊಗೆ ಜಾಸ್ತಿಯಾಗಿ.

ಪೆಟ್ಟಿಗೆಯ ತಳದಲ್ಲಿ ಸುಮಾರು 800 ವ್ಯಾಟ್‌ನ ಕಾಯಿಲ್, ಅದರ ಹತ್ತಿರ ಮರದ ಚಿಪ್ಸ್ ಹಾಕುವ ಟ್ರೇ, ಮೇಲೆ ನೀರಿನ ತಟ್ಟೆ, ಜಾಲರಿಗಳು, ಹೊಗೆ ಹೋಗಲು ಒಂದು ಕಿಂಡಿ. ಇಷ್ಟೇ. ಇದ್ದಿಲಿನ ಸ್ಮೋಕರ್‌ನಲ್ಲಿ ಬೆಂಕಿ ಕಾಯುವುದೇ ದೊಡ್ಡ ಕೆಲಸ. ಇಲ್ಲಿ ಅದನ್ನು ಬಿಸಿಯನ್ನು ತಾನೇ ಹದದಲ್ಲಿಡುವ ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ. ನಮಗೆ ಉಳಿಯುವುದು ಹೊಗೆ ಮತ್ತು ಮಾಂಸದ ಒಳಗಿನ ಬಿಸಿ.

ಹೊಸ ಪೆಟ್ಟಿಗೆಯಲ್ಲಿ ನೇರವಾಗಿ ಮಾಂಸ ಇಡಬೇಡಿ. 275 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಸುಮಾರು ಮೂರು ಗಂಟೆ ಖಾಲಿ ಓಡಿಸಿ, ಕೊನೆಯ ಮುಕ್ಕಾಲು ಗಂಟೆ ಸ್ವಲ್ಪ ಚಿಪ್ಸ್ ಹಾಕಿ. ಕಾರ್ಖಾನೆಯ ಎಣ್ಣೆ ವಾಸನೆ ಆಗಲೇ ಹೋಗಿಬಿಡಬೇಕು. (ಮುಂದೆ ಬರುವ ಡಿಗ್ರಿಗಳೂ ಫ್ಯಾರನ್‌ಹೀಟ್‌ನವೇ.)

ಈಗ ಹೊಗೆ. ಟ್ರೇ ತುಂಬ ಚಿಪ್ಸ್ ಸುರಿದರೆ ಹಸಿ ಸೌದೆ ಒಟ್ಟಿದ ಒಲೆಯ ಹಾಗೆ ದಟ್ಟ ಬಿಳಿ ಹೊಗೆ ಏಳುತ್ತದೆ. ಅದು ಮಾಂಸಕ್ಕೆ ಅಂಟಿದರೆ ನಾಲಗೆಗೆ ಕಹಿ, ಆಮೇಲೆ ಸ್ವಲ್ಪ ಜೋಮು. ನಮಗೆ ಬೇಕಾದ್ದು ಕಿಂಡಿಯಿಂದ ಕಂಡೂ ಕಾಣದಂತೆ ಹೊರಡುವ ತೆಳು ನೀಲಿ ಹೊಗೆ. ಒಂದು ಹಿಡಿ ಚಿಪ್ಸ್ ಸಾಕು, ಮುಗಿದ ಮೇಲೆ ಇನ್ನೊಂದು ಹಿಡಿ. ನೆನೆಸಬೇಡಿ. ನೆನೆಸಿದರೆ ಮೊದಲು ಬರೀ ಆವಿ ಏಳುತ್ತದೆ, ಹೊಗೆ ತಡವಾಗುತ್ತದೆ. ಕಿಂಡಿ ತೆರೆದೇ ಇರಲಿ. ಹೊಗೆ ಒಳಗೇ ಉಳಿಯಲಿ ಅಂತ ಅದನ್ನು ಮುಚ್ಚುವವರೇ ಕಹಿ ತಿನ್ನುವವರು. ಹೊಗೆ ಚೆನ್ನಾಗಿ ಹಿಡಿಯುವುದು ಮಾಂಸದ ಮೇಲ್ಮೈ ಇನ್ನೂ ತಣ್ಣಗೆ, ಒದ್ದೆಯಾಗಿ ಇರುವಾಗ. ಹಾಗಾಗಿ ಮೊದಲ ಎರಡು ಗಂಟೆ ಮುಖ್ಯ, ಆಮೇಲೆ ಚಿಪ್ಸ್ ಹಾಕದಿದ್ದರೂ ನಡೆಯುತ್ತದೆ. ಕೋಳಿಗೆ ಸೇಬಿನ ಅಥವಾ ಚೆರಿ ಮರ, ಹಂದಿಗೆ ಹಿಕರಿ ಮರ. ಮೆಸ್ಕೀಟ್ ಮರದ ಹೊಗೆ ತುಂಬಾ ಖಡಕ್, ಶುರುವಿನಲ್ಲೇ ಬೇಡ. ರಾಳ ಇರುವ ಪೈನ್, ಬಣ್ಣ ಹಚ್ಚಿದ ಹಲಗೆಯ ಚೂರು ಯಾವತ್ತೂ ಬೇಡ.

ಯಂತ್ರದಲ್ಲಿ ಉಳಿಸಿದ ದುಡ್ಡಿನಲ್ಲಿ ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಅಗ್ಗದ ಪೆಟ್ಟಿಗೆಯ ಬಾಗಿಲ ಮೇಲಿನ ಅಂಕಿಯನ್ನು ನಾನು ನಂಬುವುದಿಲ್ಲ. ಅದು 225 ಅಂದಾಗ ಮಾಂಸದ ಪಕ್ಕದಲ್ಲಿ 200 ಇರಬಹುದು, 250 ಕೂಡ ಇರಬಹುದು. ಕೊಂಡ ಥರ್ಮಾಮೀಟರನ್ನೂ ಪರೀಕ್ಷಿಸಿ. ಲೋಟ ತುಂಬ ಪುಡಿ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ, ಕಡ್ಡಿಯ ತುದಿಯನ್ನು ಲೋಟಕ್ಕೆ ತಾಗಿಸದೆ ನಡುವೆ ಹಿಡಿಯಿರಿ. 32 ಡಿಗ್ರಿ ತೋರಿಸಬೇಕು.

ಮೊದಲ ದಿನವೇ ದನದ ಎದೆಯ ಗಟ್ಟಿ ಮಾಂಸವಾದ ಬ್ರಿಸ್ಕೆಟ್‌ಗೆ ಕೈ ಹಾಕಬೇಡಿ. ಕೋಳಿ ತೊಡೆ ತನ್ನಿ. ಸ್ವಲ್ಪ ಹೆಚ್ಚು ಬೆಂದರೂ ಒಣಗುವುದಿಲ್ಲ. ಕಿಲೋಗೆ 12ರಿಂದ 15 ಗ್ರಾಂ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಚ್ಚಿ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ 250 ಡಿಗ್ರಿಯಲ್ಲಿ ಬೇಯಿಸಿ. ಕಡ್ಡಿಯನ್ನು ಮೂಳೆಗೆ ತಾಗಿಸದೆ ದಪ್ಪ ಭಾಗಕ್ಕೆ ಚುಚ್ಚಿ. 165ಕ್ಕೆ ತಿನ್ನಲು ಸುರಕ್ಷಿತ, 175 ದಾಟಿದರೆ ಇನ್ನೂ ಮೆತ್ತಗೆ. ಚರ್ಮ ಮಾತ್ರ ರಬ್ಬರಿನಂತಾಗುತ್ತದೆ, ಇಷ್ಟು ಬಿಸಿಗೆ ಅದು ಗರಿಗರಿ ಆಗುವುದಿಲ್ಲ. ಕೊನೆಗೆ ಐದಾರು ನಿಮಿಷ ಕಾದ ಓವನ್‌ಗೆ ಹಾಕಿ ತೆಗೆಯಿರಿ.

ಆಮೇಲೆ ಹಂದಿಯ ಭುಜದ ಮಾಂಸ. 160ರ ಹತ್ತಿರ ಥರ್ಮಾಮೀಟರಿನ ಅಂಕಿ ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಯಂತ್ರ ಕೆಟ್ಟಿತು ಅಂತ ಆಗ ಫೋನ್ ಬರುತ್ತದೆ! ಕೆಟ್ಟಿಲ್ಲ. ಮಾಂಸದ ಮೇಲ್ಮೈಯ ನೀರು ಆವಿಯಾಗುತ್ತಾ ಅದನ್ನು ತಂಪಾಗಿಡುತ್ತಿದೆ, ಅಷ್ಟೇ. ಕಾಯಿರಿ, ಇಲ್ಲವೇ ಫಾಯಿಲ್ ಸುತ್ತಿ. ಬಾಗಿಲು ತೆರೆದು ತೆರೆದು ನೋಡಿದರೆ ಇನ್ನೂ ತಡ. 200ರ ಆಸುಪಾಸಿನಲ್ಲಿ ಗಟ್ಟಿ ನಾರು ಕರಗಿ, ಮೂಳೆ ಎಳೆದರೆ ಸಲೀಸಾಗಿ ಬರುತ್ತದೆ. ಕತ್ತರಿಸಿದಾಗ ಅಂಚಿನಲ್ಲಿ ಗುಲಾಬಿ ಬಣ್ಣದ ಉಂಗುರ ಕಾಣದಿದ್ದರೆ ಬೇಜಾರು ಬೇಡ. ಉರಿಯುವ ಸೌದೆ, ಇದ್ದಿಲಿನಿಂದ ಹೊರಡುವ ನೈಟ್ರಿಕ್ ಆಕ್ಸೈಡ್‌ನಿಂದ ಆ ಬಣ್ಣ ಬರುತ್ತದೆ, ಇಲ್ಲಿ ಚಿಪ್ಸ್ ಬರೀ ಹೊಗೆಯಾಡುತ್ತವೆ. ರುಚಿಗೂ ಅದಕ್ಕೂ ಸಂಬಂಧವಿಲ್ಲ.

ಕೊಡಗಿನವರು ಒಲೆಯ ಮೇಲೆ ಮಾಂಸ ತೂಗುಹಾಕಿ ಒಣಗಿಸಿಡುವುದನ್ನು ಕಂಡವರು, ಇದೂ ಹಾಗೇ ಕೆಡದೆ ಉಳಿಯುತ್ತಾ ಅಂತ ಕೇಳುತ್ತಾರೆ. ಉಳಿಯುವುದಿಲ್ಲ. ಅಲ್ಲಿ ಮಾಂಸ ಉಪ್ಪು ಹಿಡಿದು ದಿನಗಟ್ಟಲೆ ಒಣಗುತ್ತದೆ. ಇಲ್ಲಿ ಆಗುವುದು ಅಡುಗೆ. ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹಾಗೆಯೇ ಹೆಪ್ಪುಗಟ್ಟಿದ ಮಾಂಸವನ್ನು ನೇರ ಸ್ಮೋಕರ್‌ಗೆ ಇಡಬಾರದು, ಒಳಗೆ ಬಿಸಿಯಾಗುವಷ್ಟರಲ್ಲಿ ಕೆಡಬಹುದು.

ಮಳೆ ಬಂದರೆ ಗ್ಯಾರೇಜಿನಲ್ಲಿ ಹಚ್ಚೋಣ ಅಂದುಕೊಳ್ಳಲೇಬೇಡಿ. ಕರೆಂಟಿನದಾದರೂ ಒಳಗೆ ಮರ ಹೊಗೆಯಾಡುತ್ತಿದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ತೆಳು ಎಕ್ಸ್‌ಟೆನ್ಷನ್ ವೈರ್ ಬಿಸಿಯಾಗುತ್ತದೆ, ಅದೂ ಬೇಡ. ಇನ್ನು ಊರಿಗೆ ವಾಪಸಾಗುವಾಗ ಇದನ್ನೂ ಕಟ್ಟಿಕೊಂಡು ಹೋಗುವವರಿದ್ದಾರೆ. ಅಮೆರಿಕದ ಸ್ಮೋಕರ್ 120 ವೋಲ್ಟಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಕಾಯಿಲ್ ಮೂರೂವರೆ ಪಟ್ಟಿಗೂ ಜಾಸ್ತಿ ಶಕ್ತಿ ಎಳೆದು ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿಸುವ ಮನಸ್ಸಿಲ್ಲದಿದ್ದರೆ ಇಲ್ಲೇ ಯಾರಿಗಾದರೂ ಕೊಟ್ಟು ಹೋಗಿ.