ಅಪ್ಪೆಮಿಡಿ ಆರ್ಡರ್ ಒಂದು, ಆ್ಯಪ್ ಐದು: ನೋ-ಕೋಡ್ ಆಟೊಮೇಶನ್ ಟಿಪ್ಪಣಿ

ಕೋಡ್ ಬರೆಯದೆಯೇ ಆ್ಯಪ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೆಲಸ ತಾನಾಗಿ ನಡೆಯುವಂತೆ ಮಾಡುವ ಉಪಕರಣಗಳು ಹಲವಿವೆ. ಅವುಗಳಲ್ಲಿ ಝೇಪಿಯರ್ 2011ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಶುರುವಾಯಿತು. ಪ್ರಾಗ್‌ನ ಇಂಟಿಗ್ರೊಮ್ಯಾಟ್ 2022ರಲ್ಲಿ ಮೇಕ್ ಆಯಿತು. ಬರ್ಲಿನ್‌ನ ಎನ್‌ಎಯ್ಟ್‌ಎನ್ (n8n) 2019ರದ್ದು. ಮೈಕ್ರೋಸಾಫ್ಟ್‌ನವರ ಪವರ್ ಆಟೊಮೇಟ್‌ಗೆ 2019ರವರೆಗೆ ಫ್ಲೋ ಎಂಬ ಹೆಸರಿತ್ತು. ಚೆನ್ನೈ ಕಡೆಯಿಂದ ಝೋಹೊ ಫ್ಲೋ ಇದೆ. ಇತಿಹಾಸ ಇಷ್ಟು ಸಾಕು. ಪರದೆಯ ಬಣ್ಣ ಬೇರೆಯಾದರೂ ಇವೆಲ್ಲದರ ಒಳಗಿನ ಕೆಲಸ ಒಂದೇ. ಒಂದು ಆ್ಯಪ್‌ನಲ್ಲಿ ಏನಾದರೂ ನಡೆದರೆ ಅದು ಟ್ರಿಗರ್, ಅದರಿಂದ ಇನ್ನೊಂದು ಆ್ಯಪ್‌ನಲ್ಲಿ ನಡೆಯುವುದು ಆ್ಯಕ್ಷನ್, ನಡುವೆ ಬೇಕಾದರೆ ಷರತ್ತು ನೋಡಿ ಬಿಡುವ ಅಥವಾ ತಡೆಯುವ ಫಿಲ್ಟರ್. ಇವೆಲ್ಲ ಸೇರಿದ ಸರಣಿಯೇ ಹರಿವು.

ಪರದೆಯ ಮೇಲೆ ಒಂದೊಂದು ಹಂತದ ಡಬ್ಬಿ ಎಳೆದು ಗೆರೆ ಜೋಡಿಸುವುದನ್ನು ಯಾವ ವಿಡಿಯೋ ನೋಡಿದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಆ ಗೆರೆಯ ಮೇಲೆ ಹರಿಯುವ ಮಾಹಿತಿ ಒಂದೊಂದು ಆ್ಯಪ್‌ನಲ್ಲಿ ಒಂದೊಂದು ರೂಪದಲ್ಲಿರುತ್ತದೆ, ಕೆಲವೊಮ್ಮೆ ಎರಡು ಸಲ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ವಿಡಿಯೋದವರು ಅಷ್ಟು ದೂರ ಹೋಗುವುದಿಲ್ಲ. ಈ ಟಿಪ್ಪಣಿ ಇರುವುದು ಅದಕ್ಕೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಶಿರಸಿ ಪಕ್ಕದ ಹಳ್ಳಿಯೊಂದರ ಗೃಹೋದ್ಯಮ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತದೆ ಅಂದುಕೊಳ್ಳಿ. ಗಿರಾಕಿ ಗೂಗಲ್ ಫಾರ್ಮ್ ತುಂಬುತ್ತಾನೆ, ಅದು ಗೂಗಲ್ ಶೀಟ್‌ಗೆ ಬೀಳುತ್ತದೆ, ರೇಜರ್‌ಪೇ ಎಂಬ ಪಾವತಿ ಸೇವೆಯ ಲಿಂಕ್‌ನಲ್ಲಿ ಹಣ ಬರುತ್ತದೆ, ಹಣ ಬಂದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹೋಗಬೇಕು, ಕೊನೆಗೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯಲ್ಲಿ ಬಿಲ್.

ಮೊದಲ ಪ್ರಶ್ನೆ: ಹೊಸ ಆರ್ಡರ್ ಬಂದದ್ದು ಉಪಕರಣಕ್ಕೆ ಗೊತ್ತಾಗುವುದು ಹೇಗೆ? ದಾರಿ ಎರಡಿವೆ. ಪೋಸ್ಟ್ ಬಂತಾ ಅಂತ ಗಳಿಗೆಗೊಮ್ಮೆ ದಣಪೆವರೆಗೆ (ಬೇಲಿಯ ಗೇಟು) ಹೋಗಿ ನೋಡಿಬರುವುದು ಪೋಲಿಂಗ್. ಪೋಸ್ಟ್‌ಮ್ಯಾನೇ ಅಂಗಳಕ್ಕೆ ಬಂದು ಕರೆಯುವುದು ವೆಬ್‌ಹುಕ್. ವ್ಯತ್ಯಾಸ ಬರೀ ವೇಗದ್ದು ಎಂದುಕೊಳ್ಳಬೇಡಿ, ದುಡ್ಡಿನದ್ದೂ ಹೌದು. ಮೇಕ್‌ನ ಉಚಿತ ಯೋಜನೆ ತಿಂಗಳಿಗೆ 1000 ಆಪರೇಶನ್ ಕೊಡುತ್ತದೆ (ಈಗ ಅದನ್ನು ಕ್ರೆಡಿಟ್ ಎನ್ನುತ್ತಾರೆ). ಶೀಟ್‌ನಲ್ಲಿ ಹೊಸ ಸಾಲು ಇದೆಯಾ ಎಂದು 15 ನಿಮಿಷಕ್ಕೊಮ್ಮೆ ನೋಡಲು ಹೇಳಿದರೆ ದಿನಕ್ಕೆ 96 ಸಲ ನೋಡುತ್ತದೆ. ಏನೂ ಸಿಗದಿದ್ದರೂ ನೋಡಿದ್ದಕ್ಕೆ ಒಂದು ಕಳೆಯುತ್ತದೆ. ಒಂದೇ ಒಂದು ಬಾಟಲಿ ಮಾರಾಟವಾಗದೆ, ಹತ್ತನೇ ದಿನ ಮುಗಿದು ಹನ್ನೊಂದಕ್ಕೆ ಕಾಲಿಡುವಾಗ ಸಾವಿರವೂ ಖಾಲಿ! ಗಂಟೆಗೊಮ್ಮೆ ಮಾಡಿದರೆ ತಿಂಗಳಿಗೆ 720. ಆರ್ಡರ್‌ಗಳಿಗೆ ಉಳಿಯುವುದು 280. ಝೇಪಿಯರ್‌ನಲ್ಲಿ ಲೆಕ್ಕ ಬೇರೆ: ಹೀಗೆ ನೋಡುವುದಕ್ಕೆ ಖರ್ಚಿಲ್ಲ, ಫಿಲ್ಟರ್‌ಗೂ ಇಲ್ಲ, ಯಶಸ್ವಿಯಾದ ಆ್ಯಕ್ಷನ್‌ಗೆ ಮಾತ್ರ, ಅದನ್ನೇ ಟಾಸ್ಕ್ ಎನ್ನುತ್ತಾರೆ. ಆದರೆ ಉಚಿತದಲ್ಲಿ ತಿಂಗಳಿಗೆ 100 ಟಾಸ್ಕ್, ಅದೂ ಎರಡೇ ಹಂತದ ಹರಿವು (ಒಂದು ಟ್ರಿಗರ್, ಒಂದು ಆ್ಯಕ್ಷನ್). ಎನ್‌ಎಯ್ಟ್‌ಎನ್ ಅನ್ನು ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಈ ಎಣಿಕೆಯೇ ಇಲ್ಲ, ಆದರೆ ಸರ್ವರ್ ಸಾಕುವ ಜವಾಬ್ದಾರಿ ನಿಮ್ಮದು. ದರಪಟ್ಟಿ ಆಗಾಗ ಬದಲಾಗುತ್ತದೆ, ಹಾಗಾಗಿ ಅಂಕಿ ಬಾಯಿಪಾಠ ಬೇಡ. ಯಾವುದನ್ನು ಎಣಿಸುತ್ತಾರೆ ಎಂಬುದನ್ನು ಮಾತ್ರ ಗಟ್ಟಿಯಾಗಿ ಕೇಳಿಕೊಳ್ಳಿ.

ಎರಡನೆಯದು ಮ್ಯಾಪಿಂಗ್, ಅಂದರೆ ಒಂದು ಆ್ಯಪ್‌ನ ಮಾಹಿತಿ ಇನ್ನೊಂದರ ಯಾವ ಜಾಗಕ್ಕೆ ಯಾವ ರೂಪದಲ್ಲಿ ಹೋಗಬೇಕು ಎಂಬುದು. ಇಲ್ಲಿ ಒಂದಿಷ್ಟು ಹೊತ್ತು ಕೂರಬೇಕು.

ರೇಜರ್‌ಪೇ ಮೊತ್ತವನ್ನು ಪೈಸೆಯಲ್ಲಿ ಕಳಿಸುತ್ತದೆ. 450 ರೂಪಾಯಿಯ ಆರ್ಡರ್ 45000 ಎಂದು ಬರುತ್ತದೆ. 100ರಿಂದ ಭಾಗಿಸುವ ಹಂತ ನಡುವೆ ಇಲ್ಲದಿದ್ದರೆ ಗಿರಾಕಿಗೆ ನಲವತ್ತೈದು ಸಾವಿರದ ರಸೀದಿ ಹೋಗುತ್ತದೆ. ಸಮಯ ಹಲವು ಕಡೆ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಬರುತ್ತದೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಬೆಳಗಿನ 5 ಗಂಟೆಗೆ ಬಂದ ಆರ್ಡರ್ ಹಿಂದಿನ ದಿನದ ಲೆಕ್ಕಕ್ಕೆ ಬೀಳಬಹುದು; ಏಪ್ರಿಲ್ 1ರಂದು ಇದು ನಗುವ ವಿಷಯವಲ್ಲ, ಆರ್ಡರ್ ಹಿಂದಿನ ಹಣಕಾಸು ವರ್ಷಕ್ಕೇ ಹೋಗುತ್ತದೆ. ಫೋನ್ ನಂಬರನ್ನು ಒಬ್ಬ ಸೊನ್ನೆ ಸೇರಿಸಿ, ಒಬ್ಬ ನಡುವೆ ಜಾಗ ಬಿಟ್ಟು, ಒಬ್ಬ +91 ಹಾಕಿ ಬರೆಯುತ್ತಾನೆ. ಶೀಟ್ ಆ + ಚಿಹ್ನೆಯನ್ನು ಸದ್ದಿಲ್ಲದೆ ನುಂಗುತ್ತದೆ. ಕೊನೆಯ ಹತ್ತು ಅಂಕಿ ಮಾತ್ರ ಇಟ್ಟುಕೊಂಡು ಮುಂದೆ 91 ಸೇರಿಸುವುದು ನನಗೆ ಕಂಡ ನೇರ ದಾರಿ.

ಊರಿನ ಹೆಸರಂತೂ ಕೇಳಬೇಡಿ. ಶಿರಸಿ, ಸಿರ್ಸಿ, ಸಿರಸಿ; ಕಾರವಾರಕ್ಕೆ ಹಾಗೇ ಎರಡು ಮೂರು; ಇನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ. ಜಿಲ್ಲೆಯೊಳಗಿನ ಆರ್ಡರ್‌ಗೆ ಕೊರಿಯರ್ ಖರ್ಚಿಲ್ಲ ಎಂದು ಫಿಲ್ಟರ್ ಬರೆದರೆ ಅದು ಅಕ್ಷರ ಅಕ್ಷರ ಹೋಲಿಸುತ್ತದೆ, ಊರು ಒಂದೇ ಎಂಬುದು ಅದಕ್ಕೆ ಗೊತ್ತಿಲ್ಲ. ಫಾರ್ಮ್‌ನಲ್ಲಿ ಖಾಲಿ ಜಾಗದ ಬದಲು ಡ್ರಾಪ್‌ಡೌನ್ ಕೊಟ್ಟರೆ ಅರ್ಧ ತಲೆನೋವು ಅಲ್ಲೇ ಕಳೆಯಿತು.

ಇಂಗ್ಲಿಷ್‌ನವರಿಗೆ ಇಲ್ಲದ, ನಮ್ಮ ಭಾಷೆಯವರಿಗೆ ಇರುವ ತೊಡಕು ಇನ್ನೊಂದಿದೆ. ಹಳೆಯ ಗಿರಾಕಿಗಳ ಪಟ್ಟಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದರೆ, ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮುದ್ದಾದ ಕನ್ನಡ, ಆಟೊಮೇಶನ್ ಉಪಕರಣದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಎಲ್ಲ ಕಂಪ್ಯೂಟರ್‌ಗೂ ತಿಳಿಯುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಉಳಿದ ಮಾತು. ಎಸ್‌ಎಂಎಸ್ ಕಳಿಸುವವರು ಇದನ್ನೂ ಗಮನಿಸಿ: ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಒತ್ತು, ಗುಣಿತದ ಚಿಹ್ನೆ ಎಲ್ಲ ಪ್ರತ್ಯೇಕ ಎಣಿಕೆ. ಎರಡು ಸಾಲಿನ ಕನ್ನಡ ಸಂದೇಶಕ್ಕೆ ಎರಡು ಮೂರು ಎಸ್‌ಎಂಎಸ್‌ನ ಬೆಲೆ ಬೀಳುತ್ತದೆ. ಕಳಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು.

ವಾಟ್ಸ್ಆ್ಯಪ್ ಬಗ್ಗೆ ಎರಡೇ ಮಾತು. ಇದಕ್ಕೆ ಅಧಿಕೃತ ದಾರಿ ಎಪಿಐ, ಅಂದರೆ ಬೇರೆ ಉಪಕರಣಗಳಿಗೆಂದು ವಾಟ್ಸ್ಆ್ಯಪ್‌ನವರೇ ಕೊಡುವ ಕೊಂಡಿ. ಗಿರಾಕಿ ತಾನಾಗಿ ಸಂದೇಶ ಕಳಿಸಿದ 24 ಗಂಟೆಯೊಳಗೆ ಮುಕ್ತವಾಗಿ ಉತ್ತರಿಸಬಹುದು, ಆಮೇಲೆ ವಾಟ್ಸ್ಆ್ಯಪ್‌ನವರ ಒಪ್ಪಿಗೆ ಪಡೆದ ಟೆಂಪ್ಲೇಟ್ (ಸಿದ್ಧ ಮಾದರಿಯ ಸಂದೇಶ) ಮಾತ್ರ. ಮಾಮೂಲಿ ಆ್ಯಪ್‌ಗೇ ಕೊಂಡಿ ಹಾಕಿ ಕೊಡುತ್ತೇವೆ ಎನ್ನುವ ಅಗ್ಗದ ಸೇವೆಗಳನ್ನು ನಂಬಿದರೆ ನಂಬರೇ ಬ್ಯಾನ್ ಆಗಬಹುದು. ಅಂಗಡಿಯ ನಂಬರ್ ಹೋಯಿತೆಂದರೆ ಅರ್ಧ ವ್ಯಾಪಾರ ಹೋದಂತೆ.

ಇನ್ನು ಎರಡು ಸಲ ಬರುವ ಸಂಗತಿ. ವೆಬ್‌ಹುಕ್ ಕಳಿಸಿದವರಿಗೆ ಸಕಾಲಕ್ಕೆ 'ತಲುಪಿತು' ಎಂಬ ಉತ್ತರ ಸಿಗದಿದ್ದರೆ ಅವರು ಮತ್ತೆ ಕಳಿಸುತ್ತಾರೆ. ರೇಜರ್‌ಪೇ ಹೀಗೆ 24 ಗಂಟೆವರೆಗೂ ಪ್ರಯತ್ನಿಸುತ್ತದೆ. ನಿಮ್ಮ ಕಡೆ ಕೆಲಸ ಆಗಿದ್ದು ಉತ್ತರ ಮಾತ್ರ ತಡವಾಗಿದ್ದರೆ? ಅದೇ ಪಾವತಿಗೆ ಎರಡು ಸಾಲು, ಎರಡು ಸಂದೇಶ, ಕೊನೆಗೆ ಎರಡು ಪಾರ್ಸೆಲ್. ಮದ್ದು ಸರಳ. ಪ್ರತಿ ಪಾವತಿಗೂ ಒಂದು ಐಡಿ ಇರುತ್ತದೆ. ಮೊದಲ ಹಂತದಲ್ಲೇ ಶೀಟ್‌ನಲ್ಲಿ ಅದನ್ನು ಹುಡುಕಿ, ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ಹೆಸರು, ಮೊತ್ತ ನೋಡಿ ತೀರ್ಮಾನಿಸಬೇಡಿ. ಹೆಗಡೆ, ಭಟ್ಟ, ನಾಯ್ಕ ಎಂಬ ಅಡ್ಡಹೆಸರುಗಳ ನಮ್ಮ ಜಿಲ್ಲೆಯಲ್ಲಿ ಒಂದೇ ಹೆಸರಿನ ಇಬ್ಬರು ಒಂದೇ ದಿನ ಒಂದೇ ಬಾಟಲಿ ಕೇಳುವುದು ಅಪರೂಪವೇನಲ್ಲ.

ಬಾರದೇ ಇರುವುದಕ್ಕೆ ಟ್ಯಾಲಿ ಒಳ್ಳೆಯ ಪಾಠ. ಆಷಾಢದ ಮಳೆಗೆ ಮರ ಬಿದ್ದು ಹಳ್ಳಿಯಲ್ಲಿ ಕರೆಂಟ್ ಹೋದರೂ ಫಾರ್ಮ್, ಪಾವತಿ, ಶೀಟ್ ಎಲ್ಲ ನಡೆಯುತ್ತಲೇ ಇರುತ್ತವೆ, ಏಕೆಂದರೆ ಅವು ಎಲ್ಲೋ ದೂರದ ಸರ್ವರ್‌ಗಳ ನಡುವಿನ ವ್ಯವಹಾರ. ಟ್ಯಾಲಿ ಹಾಗಲ್ಲ. ಅದು ಅಂಗಡಿಯ ಕಂಪ್ಯೂಟರ್‌ನಲ್ಲಿದೆ, ಸಾಮಾನ್ಯವಾಗಿ 9000 ಎಂಬ ಪೋರ್ಟ್‌ನಲ್ಲಿ (ಕಂಪ್ಯೂಟರ್‌ನ ಸಂಪರ್ಕದ ಬಾಗಿಲು) ಎಕ್ಸ್‌ಎಂಎಲ್ ಎಂಬ ಮಾಹಿತಿ ರೂಪದ ಮೂಲಕ ಮಾತಾಡುತ್ತದೆ, ಕಂಪ್ಯೂಟರ್ ಆರಿದ್ದರೆ ಮಾತೇ ಇಲ್ಲ. ಅದನ್ನು ನೇರ ಕೊಂಡಿಗೆ ಹಾಕುವ ಸಾಹಸಕ್ಕಿಂತ, ಶೀಟ್‌ನಲ್ಲಿ 'ಬಿಲ್ ಆಗಬೇಕು' ಎಂಬ ಕಾಲಂ ಇಟ್ಟು, ಕರೆಂಟ್ ಇದ್ದಾಗ ಒಟ್ಟಿಗೆ ಇಂಪೋರ್ಟ್ ಮಾಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಎಲ್ಲವನ್ನೂ ಆಟೊಮೇಟ್ ಮಾಡಲೇಬೇಕು ಎಂಬ ಹಟ ಈ ಉಪಕರಣ ಕಲಿತ ಹೊಸತರಲ್ಲಿ ಎಲ್ಲರಿಗೂ ಹತ್ತುತ್ತದೆ.

ಖಾತೆಯ ಬಗ್ಗೆಯೂ ಒಂದು ಮಾತು: ಕೊಂಡಿಗಳನ್ನು ಕೆಲಸದ ಹುಡುಗನ ಸ್ವಂತ ಜಿಮೇಲ್‌ನಿಂದ ಕಟ್ಟಬೇಡಿ. ಅವನು ಕೆಲಸ ಬಿಟ್ಟ ದಿನ, ಅಥವಾ ಪಾಸ್‌ವರ್ಡ್ ಬದಲಿಸಿದ ದಿನ, ಎಲ್ಲ ಹರಿವು ನಿಲ್ಲಬಹುದು.

ಅಭ್ಯಾಸಕ್ಕೆ ಒಂದು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿ ಹೊರಡುತ್ತದೆ, ಮಳೆಗಾಲದಲ್ಲಿ ಬಂದ್. ದೋಣಿಯಲ್ಲಿ ಒಂದೇ ಸೀಟು ಉಳಿದಿದೆ, ಇಬ್ಬರು ಒಂದೇ ಗಳಿಗೆಯಲ್ಲಿ ಹಣ ಕಟ್ಟಿದರು. ಎರಡೂ ಹರಿವುಗಳು ಶೀಟ್ ನೋಡಿದಾಗ ಇಬ್ಬರಿಗೂ 'ಸೀಟು ಇದೆ' ಎಂದೇ ಕಾಣುತ್ತದೆ. ಮೇಲೆ ಹೇಳಿದ ಐಡಿ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಪಾವತಿ ನಿಜವಾಗಿಯೂ ಎರಡು. ಸೀಟಿನ ಪರೀಕ್ಷೆಯನ್ನು ಹಣ ಕಟ್ಟುವ ಮೊದಲೇ ಇಡುತ್ತೀರಾ, ಆಮೇಲೆ ಇಟ್ಟು ಒಬ್ಬರಿಗೆ ಹಣ ವಾಪಸ್ ಮಾಡುತ್ತೀರಾ? ಮೇಕ್‌ನ ಸೆಟ್ಟಿಂಗ್‌ನಲ್ಲಿ ಹರಿವುಗಳನ್ನು ಒಂದಾದ ಮೇಲೆ ಒಂದರಂತೆ ನಡೆಸುವ ಆಯ್ಕೆ ಇದೆ, ಅದನ್ನು ಹುಡುಕಿ. ಜೂನ್‌ನಿಂದ ಮಳೆ ಮುಗಿಯುವವರೆಗೆ ಬಂದ ಬುಕಿಂಗ್ ಅನ್ನು ಯಾವ ಹಂತದಲ್ಲಿ ತಡೆಯಬೇಕು ಎಂಬುದನ್ನೂ ಗೆರೆ ಎಳೆದು ತೋರಿಸಿ.