ತುರಿಕೆ ಗಿಡ ತಾಗಿದಾಗ ಚರ್ಮದೊಳಗೆ ಏನಾಗುತ್ತದೆ?

ಕಾಲುದಾರಿಯ ಪಕ್ಕದ ಪೊದೆಗೆ ಕೈ ಸವರಿಕೊಂಡು ನಡೆಯುವಾಗ ಇದ್ದಕ್ಕಿದ್ದಂತೆ ಚುರ್ ಅನ್ನುತ್ತದೆ. ಮೊದಲು ಉರಿ, ಸ್ವಲ್ಪ ಹೊತ್ತಿಗೆ ದದ್ದು, ಆಮೇಲೆ ತುರಿಕೆ. ನೋಡಿದರೆ ಮುಳ್ಳಿಲ್ಲ, ರಕ್ತವೂ ಬಂದಿಲ್ಲ. ಪಠ್ಯಗಳು 'ಟ್ರೈಕೋಮ್' (ಗಿಡದ ಮೈಮೇಲಿನ ಕೂದಲು) ಎಂದು ಹೇಳಿ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಈ ವಿಷಯದಲ್ಲಿ ಕಲಿಯಲು ಬೇಕಾದಷ್ಟಿದೆ.

ಮೊದಲಿಗೆ ಅರ್ಟಿಕಾ ಡಯೋಯಿಕಾ (ಇಂಗ್ಲಿಷಿನಲ್ಲಿ ಸ್ಟಿಂಗಿಂಗ್ ನೆಟಲ್) ಎಂಬ ಗಿಡವನ್ನು ತೆಗೆದುಕೊಳ್ಳೋಣ. ಅದರ ಎಲೆಯ ಮೇಲಿರುವ ಕೂದಲೆಲ್ಲ ಚುಚ್ಚುವುದಿಲ್ಲ. ಚುಚ್ಚುವ ಕೂದಲು ಬೇರೆಯೇ. ಅದು ಉದ್ದಕ್ಕೆ ಬೆಳೆದ ಒಂದೇ ಒಂದು ಜೀವಕೋಶ. ಅದರ ಉಬ್ಬಿದ ಬುಡದಲ್ಲಿ ದ್ರವ ತುಂಬಿರುತ್ತದೆ. ತುದಿಯ ಗೋಡೆಯಲ್ಲಿ ಸಿಲಿಕಾ ಇರುವುದರಿಂದ ಅದು ಗಾಜಿನಷ್ಟು ಪೆಡಸು. ತೀರಾ ತುದಿಯಲ್ಲಿ ಒಂದು ಪುಟ್ಟ ಗುಂಡು. ನಮ್ಮ ಚರ್ಮ ತಾಗಿದರೆ ಸಾಕು, ಆ ಗುಂಡು ಓರೆಯಾಗಿ ಮುರಿದು ಚೂಪಾದ ಕೊಳವೆ ಉಳಿಯುತ್ತದೆ. ಅದು ಚರ್ಮಕ್ಕೆ ಇಳಿಯುತ್ತದೆ, ಬುಡ ಅದುಮಿದಾಗ ದ್ರವ ಒಳಗೆ ಹೋಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ್ದ.

ಇನ್ನು ದ್ರವದ ವಿಷಯ. 'ಫಾರ್ಮಿಕ್ ಆಮ್ಲದಿಂದ ಉರಿ' ಎಂದು ಉತ್ತರ ಬರೆದು ಅಂಕ ತೆಗೆದವರು ಬಹಳ ಜನ ಇದ್ದಾರೆ, ಅಲ್ವಾ? ಆ ಆಮ್ಲ ಅಲ್ಲಿ ಇದೆ, ನಿಜ. ಆದರೆ ಅಷ್ಟೊಂದು ಉರಿಗೆ ಅದರ ಪ್ರಮಾಣ ಸಾಲದು. 1947ರಲ್ಲಿ ಎಮ್ಮೆಲಿನ್ ಮತ್ತು ಫೆಲ್ಡ್‌ಬರ್ಗ್ ಎಂಬ ಸಂಶೋಧಕರು ಈ ದ್ರವದಲ್ಲಿ ಹಿಸ್ಟಮಿನ್ ಹಾಗೂ ಅಸಿಟೈಲ್‌ಕೋಲಿನ್ ಇರುವುದನ್ನು ತೋರಿಸಿದರು. ಸೆರೊಟೋನಿನ್ ಕೂಡ ಇದೆ. ಈ ಮೂರೂ ನಮ್ಮ ದೇಹದಲ್ಲೇ ತಯಾರಾಗುವ ವಸ್ತುಗಳು. ಅಂದರೆ ನಮ್ಮ ನರಗಳಿಗೆ ಗೊತ್ತಿರುವ ಸಂದೇಶವನ್ನೇ ಗಿಡ ಕಳಿಸುತ್ತದೆ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ್ದು ಇದೇ.

ನಸುಗುನ್ನಿಯ ಕಥೆ ಬೇರೆ. ಅದರ ಕಾಯಿಯ ಮೇಲಿನ ಕಂದು ರೋಮ ಸುಲಭವಾಗಿ ಉದುರುತ್ತದೆ, ಗಾಳಿಯಲ್ಲೂ ಹಾರಿ ಬರುತ್ತದೆ. ಹಾಗಾಗಿ ಗಿಡ ಮುಟ್ಟದೆಯೂ ಮೈ ತುರಿಸಬಹುದು. ರೋಮದಲ್ಲಿರುವ ಮ್ಯೂಕುನೈನ್ ಎಂಬುದು ಪ್ರೋಟೀನನ್ನು ಕತ್ತರಿಸುವ ಕಿಣ್ವ. ಅದು ಚರ್ಮದ ಕೆಲವು ಗ್ರಾಹಕಗಳನ್ನು (ಸಂದೇಶ ಹಿಡಿಯುವ ಪ್ರೋಟೀನುಗಳನ್ನು) ಕತ್ತರಿಸಿ ತುರಿಕೆಯ ನರಗಳನ್ನು ಕೆರಳಿಸುತ್ತದೆ. ಇಲ್ಲಿ ಹಿಸ್ಟಮಿನ್‌ಗೆ ದೊಡ್ಡ ಪಾತ್ರವಿಲ್ಲ. ಸಾಮಾನ್ಯ ಅಲರ್ಜಿ ಮಾತ್ರೆ ತಡೆಯುವುದು ಹಿಸ್ಟಮಿನ್ ಕೆಲಸವನ್ನು; ಅದನ್ನು ನುಂಗಿದರೂ ನಸುಗುನ್ನಿಯ ತುರಿಕೆ ಅಷ್ಟಾಗಿ ಬಗ್ಗದಿರುವುದು ಇದಕ್ಕೇ. ಎರಡೂ ಕಡೆ 'ತುರಿಕೆ' ಎಂದೇ ಬರೆಯುತ್ತೇವೆ, ಆದರೆ ದಾರಿ ಎರಡು. ಪರೀಕ್ಷೆಗೆ ಓದುವವರು ಈ ವ್ಯತ್ಯಾಸಕ್ಕೆ ಗೆರೆ ಎಳೆದುಕೊಳ್ಳಿ.

ಮೂರನೆಯ ದಾರಿಯೂ ಉಂಟು. ಆಸ್ಟ್ರೇಲಿಯಾದ ಗಿಂಪಿ ಗಿಂಪಿ ಗಿಡ ತಾಗಿದರೆ ನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಮರುಕಳಿಸುತ್ತದೆ. 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಅದರಲ್ಲಿ ಹೊಸ ಬಗೆಯ ಪೆಪ್ಟೈಡ್‌ಗಳನ್ನು (ಪುಟ್ಟ ಪ್ರೋಟೀನಿನಂಥ ಅಣುಗಳನ್ನು) ಗುರುತಿಸಿದರು. ಅವು ಮಡಚಿಕೊಂಡಿರುವ ಆಕಾರ ಜೇಡದ ವಿಷದಲ್ಲಿರುವ ಪೆಪ್ಟೈಡ್‌ಗಳಂತೆಯೇ ಇದೆ. ಅವು ನರದ ಸೋಡಿಯಂ ಚಾನಲ್‌ಗಳನ್ನು, ಅಂದರೆ ನರ ಸಂಕೇತ ಕಳಿಸಲು ತೆರೆಯುವ ಪುಟ್ಟ ಬಾಗಿಲುಗಳನ್ನು, ಸರಿಯಾಗಿ ಮುಚ್ಚಲು ಬಿಡುವುದಿಲ್ಲ. ಹಾಗಾಗಿ ನೋವಿನ ಸಂಕೇತ ಬೇಗ ನಿಲ್ಲುವುದಿಲ್ಲ.

ತಾಗಿದ ಮೇಲೆ ಏನು ಮಾಡಬೇಕು? ಉಜ್ಜಬೇಡಿ, ಕೆರೆಯಬೇಡಿ. ಉಜ್ಜಿದರೆ ಚರ್ಮದ ಮೇಲೆ ಉಳಿದ ಕೂದಲು ಇನ್ನೂ ಒಳಗೆ ಹೋಗುತ್ತದೆ. ಅಂಟುಪಟ್ಟಿ ಒತ್ತಿ ಎಳೆದರೆ ಕೂದಲು ಅದಕ್ಕೆ ಅಂಟಿಕೊಂಡು ಬರುತ್ತದೆ. ಆಮೇಲೆ ಸೋಪು ನೀರಲ್ಲಿ ತೊಳೆದು ತಣ್ಣನೆ ಬಟ್ಟೆ ಇಡಿ. ನಸುಗುನ್ನಿಯಾಗಿದ್ದರೆ ತೊಟ್ಟ ಬಟ್ಟೆಯನ್ನೂ ಬೇರೆಯಾಗಿ ಒಗೆಯಬೇಕು, ಇಲ್ಲದಿದ್ದರೆ ರೋಮ ಇನ್ನೊಬ್ಬರಿಗೂ ಹತ್ತುತ್ತದೆ. ಪಕ್ಕದ ಗಿಡದ ಸೊಪ್ಪು ಹಿಸುಕಿ ಹಚ್ಚುವುದು ಹಲವು ಕಡೆ ರೂಢಿ. ಒದ್ದೆ ಸೊಪ್ಪಿನ ತಂಪು ಸ್ವಲ್ಪ ಹಿತ ಕೊಡಬಹುದು, ಜಾಸ್ತಿ ನಂಬುವುದು ಬೇಡ. ತುಟಿ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದು ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಸಿದ್ಧತೆ ಗಿಡ ಮಾಡಿಕೊಂಡದ್ದು ಸೊಪ್ಪು ಮೇಯುವ ದೊಡ್ಡ ಪ್ರಾಣಿಗಳನ್ನು ದೂರ ಇಡಲು. ಜಾಸ್ತಿ ಮೇಯುವ ಜಾಗದ ಅರ್ಟಿಕಾ ಗಿಡಗಳಲ್ಲಿ ಚುಚ್ಚುವ ಕೂದಲೂ ಜಾಸ್ತಿ ಕಂಡುಬಂದಿದೆ. ಚಿಕ್ಕ ಹುಳುಗಳ ಮುಂದೆ ಮಾತ್ರ ಇದು ನಡೆಯುವುದಿಲ್ಲ. ಕೆಲವು ಚಿಟ್ಟೆಗಳ ಕಂಬಳಿಹುಳುಗಳಿಗೆ ಅರ್ಟಿಕಾ ಎಲೆಯೇ ಮುಖ್ಯ ಆಹಾರ.