ಥೈರಾಯ್ಡ್ ಸ್ಕ್ಯಾನ್‌ನಲ್ಲಿ ‘ರಕ್ತ ಹರಿವು ಜಾಸ್ತಿ’ ಅಂತ ಬಂದರೆ ಹಾಶಿಮೊಟೊ ಅಂತಲೇ ಅರ್ಥವಾ?

ಪ್ರಶ್ನೆ: ದಾವಣಗೆರೆ ವಿದ್ಯಾನಗರದವಳು ನಾನು. ಸುಸ್ತು, ಕೂದಲು ಉದುರುವುದು ಅಂತ ರಕ್ತ ಪರೀಕ್ಷೆ ಮಾಡಿಸಿದೆ, ಟಿಎಸ್ಎಚ್ (ಥೈರಾಯ್ಡ್ ಗ್ರಂಥಿಯನ್ನು ದುಡಿಸುವ ಹಾರ್ಮೋನ್) ಜಾಸ್ತಿ ಬಂತು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ‘ಗ್ರಂಥಿಗೆ ರಕ್ತ ಹರಿವು ಹೆಚ್ಚಿದೆ’ ಎಂದು ಬರೆದಿದ್ದಾರೆ, ಚಿತ್ರದ ತುಂಬಾ ಕೆಂಪು. ಹಾಶಿಮೊಟೊ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ) ಖಾತ್ರಿಯಾಯಿತಾ?

ಉತ್ತರ: ಮೊದಲು ಆ ಕೆಂಪಿನ ಭಯ ಬಿಡಿ. ಡಾಪ್ಲರ್‌ನಲ್ಲಿ ಬಣ್ಣ ಹೇಳುವುದು ರಕ್ತ ಹರಿಯುವ ದಿಕ್ಕನ್ನು. ಸಾಮಾನ್ಯವಾಗಿ ಪ್ರೋಬ್ (ಕುತ್ತಿಗೆಗೆ ಹಿಡಿಯುವ ಸಾಧನ) ಕಡೆಗೆ ಬರುವ ರಕ್ತ ಕೆಂಪು, ಆಚೆ ಹೋಗುವುದು ನೀಲಿ. ಕೆಂಪು ಅಂದ್ರೆ ಉರಿಯೂತ ಅಂತಲ್ಲ, ನೀಲಿ ಅಂದ್ರೆ ಕೆಟ್ಟ ರಕ್ತ ಅಂತಲೂ ಅಲ್ಲ.

ಇನ್ನು ಖಾತ್ರಿಯ ಮಾತು. ಹರಿವೊಂದನ್ನೇ ನೋಡಿ ಹಾಶಿಮೊಟೊ ಅನ್ನಲಾಗದು. ಈ ಕಾಯಿಲೆಯಲ್ಲಿ ಹರಿವು ಜಾಸ್ತಿ ಇರಬಹುದು, ಮಾಮೂಲಿ ಇರಬಹುದು, ವರ್ಷಗಳಾದ ಮೇಲೆ ಗ್ರಂಥಿ ಕುಗ್ಗಿ ನಾರಾಗಿದ್ದರೆ ತೀರಾ ಕಡಿಮೆಯೂ ಆಗಬಹುದು. ನಿಮ್ಮ ಹಾಗೆ ಟಿಎಸ್ಎಚ್ ಏರಿದಾಗ ಆ ಹಾರ್ಮೋನೇ ಗ್ರಂಥಿಯನ್ನು ಎಡೆಬಿಡದೆ ದುಡಿಸುತ್ತದೆ, ಹಾಗಾಗಿ ರಕ್ತವೂ ಜಾಸ್ತಿ ನುಗ್ಗುತ್ತದೆ. ಥೈರಾಯ್ಡ್ ಹಾರ್ಮೋನಿನ ಮಾತ್ರೆ ಶುರುವಾಗಿ ಟಿಎಸ್ಎಚ್ ಇಳಿದರೆ ಹರಿವೂ ತಗ್ಗಬಹುದು.

ಹಾಶಿಮೊಟೊದ ಸುಳಿವು ಬಣ್ಣಕ್ಕಿಂತ ಕಪ್ಪು-ಬಿಳುಪು ಚಿತ್ರದಲ್ಲೇ ಜಾಸ್ತಿ ಸಿಗುತ್ತದೆ: ಗ್ರಂಥಿ ಕಪ್ಪಾಗಿ, ಒರಟಾಗಿ, ನಡುನಡುವೆ ಬಿಳಿ ನಾರಿನ ಗೆರೆಗಳೊಂದಿಗೆ ಕಾಣುತ್ತದೆ. ಅದರ ಜೊತೆಗೆ ರಕ್ತದಲ್ಲಿ ಆ್ಯಂಟಿ ಟಿಪಿಒ, ಅಂದರೆ ಥೈರಾಯ್ಡ್ ವಿರುದ್ಧದ ಆ್ಯಂಟಿಬಾಡಿ, ನೋಡಬೇಕು. ಈ ಕಾಯಿಲೆ ಇರುವ ಸುಮಾರು 90% ಜನರಲ್ಲಿ ಅದು ಪಾಸಿಟಿವ್ ಬರುತ್ತದೆ. ನಿಮ್ಮ ರಿಪೋರ್ಟ್‌ಗಳಲ್ಲಿ ಅದು ಇಲ್ಲದಿದ್ದರೆ ಡಾಕ್ಟರ್ ಹತ್ತಿರ ಕೇಳಿ.

ಸ್ಕ್ಯಾನ್ ಮಾಡುವವರ ಕೈ ಕೂಡ ಲೆಕ್ಕಕ್ಕೆ ಬರುತ್ತದೆ. ನಿಮಗೆ ನೆನಪಿರಬಹುದು, ಭುಜದ ಕೆಳಗೆ ದಿಂಬಿಟ್ಟು, ತಲೆ ಹಿಂದಕ್ಕೆ ವಾಲಿಸಿ, ತಾಳಿ ಸರ ಪಕ್ಕಕ್ಕೆ ಸರಿಸಿ, ತಣ್ಣನೆ ಜೆಲ್ ಹಚ್ಚುತ್ತಾರೆ. ಆಗ ಒಂದು ಸಲ ಉಗುಳು ನುಂಗಿದರೂ ಪರದೆ ಪೂರ್ತಿ ಬಣ್ಣ ಮಿಂಚಿ ಹೋಗುತ್ತದೆ. ಪ್ರೋಬ್ ಒತ್ತಿ ಹಿಡಿದರೆ ಸಣ್ಣ ರಕ್ತನಾಳಗಳು ಮುಚ್ಚಿ ಹರಿವು ಕಡಿಮೆ ಕಾಣುತ್ತದೆ, ಮೆಷಿನ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಸೆಟ್ಟಿಂಗ್) ಏರಿಸಿದರೆ ಇಲ್ಲದ ಹರಿವೂ ಇದ್ದಂತೆ ಕಾಣುತ್ತದೆ. ಹಾಗಾಗಿ ಎರಡು ಸೆಂಟರ್‌ಗಳ ಚಿತ್ರ ಪಕ್ಕಪಕ್ಕ ಇಟ್ಟು ‘ಜಾಸ್ತಿ ಆಯ್ತು’ ಅಂತ ಸುಮ್ನೆ ಗಾಬರಿಯಾಗಬೇಡಿ.

ಹಾಗಾದರೆ ಡಾಪ್ಲರ್ ದಂಡವಾ? ಖಂಡಿತ ಅಲ್ಲ. ಅದರ ನಿಜವಾದ ಬೆಲೆ ಗೊತ್ತಾಗುವುದು ನಿಮ್ಮದಕ್ಕೆ ಪೂರ್ತಿ ಉಲ್ಟಾ ಇರುವ ಕೇಸಿನಲ್ಲಿ, ಅಂದರೆ ಥೈರಾಯ್ಡ್ ಹಾರ್ಮೋನ್ ಏರಿ ಟಿಎಸ್ಎಚ್ ನೆಲ ಕಚ್ಚಿದಾಗ. ಹರಿಹರದ ಒಬ್ಬ ಬಾಣಂತಿಗೆ ಎದೆ ಡವಡವ, ಕೈನಡುಕ ಶುರುವಾಯಿತು ಅಂದುಕೊಳ್ಳಿ. ಅದು ಗ್ರೇವ್ಸ್ ಕಾಯಿಲೆಯೂ ಆಗಿರಬಹುದು, ಹೆರಿಗೆ ನಂತರದ ಥೈರಾಯ್ಡೈಟಿಸ್ಸೂ (ಗ್ರಂಥಿಯ ಉರಿಯೂತ) ಆಗಿರಬಹುದು. ಎರಡೂ ಆಟೋಇಮ್ಯೂನ್ (ದೇಹವೇ ತನ್ನ ಗ್ರಂಥಿಯ ಮೇಲೆ ದಾಳಿ ಮಾಡುವಂಥವು), ಆದರೆ ಚಿಕಿತ್ಸೆ ಬೇರೆ ಬೇರೆ. ಗ್ರೇವ್ಸ್‌ನಲ್ಲಿ ಗ್ರಂಥಿ ಹಾರ್ಮೋನ್ ತಯಾರಿಸುತ್ತಲೇ ಇರುತ್ತದೆ, ಅದನ್ನು ತಡೆಯುವ ಮಾತ್ರೆ ಬೇಕು. ಥೈರಾಯ್ಡೈಟಿಸ್‌ನಲ್ಲಿ ಗ್ರಂಥಿಗೆ ಪೆಟ್ಟಾಗಿ ಮೊದಲೇ ತುಂಬಿಟ್ಟ ಹಾರ್ಮೋನ್ ಸೋರುತ್ತಿರುತ್ತದೆ, ಆ ಮಾತ್ರೆಯಿಂದ ಉಪಯೋಗವಿಲ್ಲ. ಗ್ರೇವ್ಸ್‌ನ ಗ್ರಂಥಿ ಡಾಪ್ಲರ್‌ನಲ್ಲಿ ಧಗಧಗ ಉರಿಯುವಂತೆ ಕಾಣುತ್ತದೆ, ಅದಕ್ಕೆ 1988ರಲ್ಲೇ ‘ಥೈರಾಯ್ಡ್ ಇನ್‌ಫರ್ನೊ’ ಅಂತ ಹೆಸರಿಟ್ಟರು. ಗ್ರಂಥಿಯ ಕೆಳಗಿನ ಧಮನಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 40 ಸೆಂ.ಮೀ. ದಾಟುವುದುಂಟು. ಥೈರಾಯ್ಡೈಟಿಸ್‌ನಲ್ಲಿ ಸಾಮಾನ್ಯವಾಗಿ ಹರಿವು ಕಡಿಮೆ. ಟಿಆರ್‌ಎಬಿ ಅನ್ನೋ, ಗ್ರೇವ್ಸ್‌ನ ಆ್ಯಂಟಿಬಾಡಿ ಹುಡುಕುವ ರಕ್ತ ಪರೀಕ್ಷೆ ಇದನ್ನು ಇನ್ನೂ ಗಟ್ಟಿಮಾಡುತ್ತದೆ. ಇವೆರಡನ್ನು ಬೇರೆ ಮಾಡಲು ರೇಡಿಯೋಆಕ್ಟಿವ್ ಸ್ಕ್ಯಾನ್‌ಗೆ ಹೋದರೆ ಸ್ವಲ್ಪ ಕಾಲವಾದರೂ ಎದೆಹಾಲು ನಿಲ್ಲಿಸಬೇಕಾಗುತ್ತದೆ, ಗರ್ಭಿಣಿಯರಿಗಂತೂ ಅದನ್ನು ಮಾಡುವುದೇ ಇಲ್ಲ. ಡಾಪ್ಲರ್‌ನಲ್ಲಿ ವಿಕಿರಣವೇ ಇಲ್ಲ, ಹಾಲು ಕುಡಿಸುತ್ತಲೇ ಉತ್ತರ ಸಿಗುತ್ತದೆ ಅನ್ನೋದು ತಾಯಿಗೆ ಎಷ್ಟು ದೊಡ್ಡ ಸಮಾಧಾನ ಅಲ್ವಾ?

ನಿಮ್ಮ ವಿಷಯದಲ್ಲಿ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಬೇಕಾ, ಎಷ್ಟು ಬೇಕು ಅನ್ನೋದನ್ನು ತೀರ್ಮಾನಿಸುವುದು ಟಿಎಸ್ಎಚ್ ಮತ್ತು ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನ್), ಸ್ಕ್ಯಾನ್ ಅಲ್ಲ. ಮಾತ್ರೆ ಶುರುಮಾಡಿದರೆ 6ರಿಂದ 8 ವಾರಕ್ಕೆ ಟಿಎಸ್ಎಚ್ ಮತ್ತೆ ನೋಡಿಸಿ. ಬಣ್ಣ ಕಡಿಮೆಯಾಯಿತಾ ಅಂತ ನೋಡಲು ಡಾಪ್ಲರ್‌ಗೆ ಮತ್ತೆ ದುಡ್ಡು ಸುರಿಯಬೇಡಿ. ಆದರೆ ರಿಪೋರ್ಟಿನಲ್ಲಿ ‘ಗಂಟು’ ಅಂತ ಪ್ರತ್ಯೇಕವಾಗಿ ಬರೆದಿದ್ದರೆ ಅದು ಬೇರೆಯೇ ವಿಷಯ, ಅದನ್ನು ಡಾಕ್ಟರಿಗೆ ಈ ವಾರವೇ ತೋರಿಸಿ.